ಸ್ವಜನರನ್ನೇ ಎದುರಿಸಿದ ನ್ಯಾಯಮೂರ್ತಿ

ಅನ್ಯರ ತಪ್ಪನ್ನು ಎತ್ತಿ ಆಡುವುದು ಸುಲಭ. ತನ್ನ ಕುಲದವರ, ತನ್ನ ಓಣಿಯವರ, ತನ್ನೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣುವವರ ತಪ್ಪನ್ನು ತಪ್ಪೆಂದು ಹೇಳುವುದು ಬಲು ಕಠಿಣ. ಬಸವಣ್ಣನವರು ಆ ಕಠಿಣ ಕಾರ್ಯವನ್ನು ಮಾಡಿದರೆಂದೇ ನಾವು ಇಂದಿಗೂ ಅವರನ್ನು ನೆನೆಯುತ್ತೇವೆ. ನಮ್ಮ ನಾಡಿಗೆ ಬಹು ದೂರದ ಅಮೆರಿಕದಲ್ಲಿ ಅಂಥದೇ ಹಾದಿಯನ್ನು ಮುಪ್ಪಿನಲ್ಲಿ ತುಳಿದ ಒಬ್ಬ ನ್ಯಾಯಾಧೀಶರ ಬಾಳನ್ನು ಈ ಸಲ ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ. ಅವರ ಹೆಸರು ಜೂಲಿಯಸ್ ವೇಟೀಸ್ ವೇರಿಂಗ್.

ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ಪಟ್ಟಣದ ಹಳೆಯ ಬಿಳಿಯ ಮನೆತನವೊಂದರಲ್ಲಿ 1880ರಲ್ಲಿ ಅವರು ಜನಿಸಿದರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಹೂಡಿದ ಯುದ್ಧದಲ್ಲಿ ಅವರ ತಂದೆ ಸೈನಿಕರಾಗಿದ್ದರು. ಮಗ ವಕೀಲರಾಗಿ, ಪಟ್ಟಣದ ಆಡಳಿತಕ್ಕೆ ಕಾನೂನು ಸಲಹೆಗಾರರಾಗಿ, ಗಣ್ಯರ ಸಾಲಿನಲ್ಲಿ ಸುಖವಾಗಿ ಬಾಳಿದರು. ಕರಿಯರನ್ನು ದೂರವಿಡುವ ಪದ್ಧತಿಯನ್ನು ಅವರು ಅರವತ್ತು ವರ್ಷಗಳ ಕಾಲ ಪ್ರಶ್ನಿಸಿದವರಲ್ಲ. 1942ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಅವರನ್ನು ಫೆಡರಲ್ ನ್ಯಾಯಾಧೀಶರನ್ನಾಗಿ ನೇಮಿಸಿದಾಗ, ಇವರಿಂದ ಯಾವ ಬದಲಾವಣೆಯೂ ಆದೀತೆಂದು ಯಾರೂ ಎಣಿಸಿರಲಿಲ್ಲ.

ಇಲ್ಲಿ ಒಂದು ಮಾತನ್ನು ವಿವರಿಸಬೇಕು. ಅಮೆರಿಕದಲ್ಲಿ ರಾಜ್ಯಗಳ ನ್ಯಾಯಾಲಯಗಳು ಬೇರೆ, ಒಕ್ಕೂಟದ, ಎಂದರೆ ಫೆಡರಲ್, ನ್ಯಾಯಾಲಯಗಳು ಬೇರೆ. ಅನೇಕ ರಾಜ್ಯಗಳಲ್ಲಿ ನ್ಯಾಯಾಧೀಶರು ಜನರ ಮತದಿಂದ ಆರಿಸಿ ಬರುತ್ತಾರೆ. ಫೆಡರಲ್ ನ್ಯಾಯಾಧೀಶರನ್ನಾದರೋ ರಾಷ್ಟ್ರಾಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಸಭೆ ಒಪ್ಪುತ್ತದೆ. ಸನ್ನಡತೆಯಿರುವವರೆಗೆ ಆ ಸ್ಥಾನ ಜೀವಾವಧಿಯದು; ವೇತನವನ್ನೂ ಇಳಿಸುವಂತಿಲ್ಲ. ಬಹುಜನರಿಗೆ ಬೇಡವಾದ ತೀರ್ಪನ್ನು ನಿರ್ಭಯವಾಗಿ ಕೊಡಲೆಂದೇ ಈ ರಕ್ಷಣೆ.

ವೇರಿಂಗರ ಕಣ್ಣು ಒಂದೇ ದಿನದಲ್ಲಿ ತೆರೆಯಲಿಲ್ಲ. ಒಂದೇ ಶಾಲಾ ವ್ಯವಸ್ಥೆಯಲ್ಲಿ ಕರಿಯ ಶಿಕ್ಷಕರಿಗೆ ಕಡಿಮೆ ಸಂಬಳ ಕೊಡುತ್ತಿದ್ದುದನ್ನು ಅವರು 1944ರಲ್ಲಿ ತಪ್ಪೆಂದರು. ಆದರೆ ಅವರ ಮನಸ್ಸನ್ನು ಕಲಕಿದ್ದು 1946ರ ಒಂದು ಮೊಕದ್ದಮೆ. ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ಊರಿಗೆ ಮರಳುತ್ತಿದ್ದ ಐಸಾಕ್ ವುಡರ್ಡ್ ಎಂಬ ಕರಿಯ ಸೈನಿಕನನ್ನು, ಬಸ್ಸಿನ ಚಾಲಕನೊಡನೆ ಮಾತಿಗೆ ಮಾತು ಬೆಳೆದ ಕಾರಣಕ್ಕೆ, ಒಬ್ಬ ಪೊಲೀಸ್ ಅಧಿಕಾರಿ ಲಾಠಿಯಿಂದ ಬಡಿದು ಎರಡೂ ಕಣ್ಣು ಕಳೆದಿದ್ದನು. ವಿಚಾರಣೆ ವೇರಿಂಗರ ಮುಂದೆಯೇ ನಡೆಯಿತು. ಬಿಳಿಯರಷ್ಟೇ ಇದ್ದ ಪಂಚರು ಅರ್ಧ ಗಂಟೆಯೊಳಗೆ ಅಧಿಕಾರಿಯನ್ನು ನಿರಪರಾಧಿಯೆಂದು ಬಿಟ್ಟರು. ನ್ಯಾಯಾಲಯದಲ್ಲಿ ಕುಳಿತಿದ್ದ ನ್ಯಾಯಾಧೀಶರ ಪತ್ನಿ ಎಲಿಜಬೆತ್ ಕಣ್ಣೀರಿಟ್ಟರು. ಆ ಮೇಲೆ ದಂಪತಿಗಳು ತಮ್ಮ ನಾಡಿನ ವರ್ಣಭೇದದ ಬಗೆಗಿನ ಗ್ರಂಥಗಳನ್ನು ಒಟ್ಟಿಗೆ ಕುಳಿತು ಓದತೊಡಗಿದರು. ಕುರುಡಾದವನೊಬ್ಬ, ಕಣ್ಣು ತೆರೆದದ್ದು ಮತ್ತೊಬ್ಬರಿಗೆ.

1947ರಲ್ಲಿ ವೇರಿಂಗರು ಇನ್ನೊಂದು ಮಹತ್ತ್ವದ ತೀರ್ಪನ್ನಿತ್ತರು. ಆ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯೇ ನಿಜವಾದ ಚುನಾವಣೆಯಾಗಿತ್ತು. ಪಕ್ಷವೆಂಬುದು ಖಾಸಗಿ ಸಂಘವೆಂಬ ನೆಪವೊಡ್ಡಿ ಕರಿಯರನ್ನು ಅದರಿಂದ ಹೊರಗಿಟ್ಟಿದ್ದರು. ಈ ನೆಪ ಸಲ್ಲದೆಂದು ವೇರಿಂಗರು ಸಾರಿದರು. ಮರುವರ್ಷ 30,000ಕ್ಕೂ ಹೆಚ್ಚು ಕರಿಯರು ಮತ ಹಾಕಿದರು.

ಅಲ್ಲಿಂದ ಆರಂಭವಾಯಿತು ಬಹಿಷ್ಕಾರ. ಹಳೆಯ ಗೆಳೆಯರು ಬೀದಿಯಲ್ಲಿ ಮುಖ ತಿರುಗಿಸಿದರು. 1945ರಲ್ಲಿ ಅವರು ಮೊದಲ ಪತ್ನಿಗೆ ವಿಚ್ಛೇದನವಿತ್ತು ಎಲಿಜಬೆತ್‌ರನ್ನು ವರಿಸಿದ್ದು ಕೂಡ ಆ ಜನರ ಅಸಮಾಧಾನಕ್ಕೆ ಒಂದು ಕಾರಣವಾಗಿತ್ತೆಂಬುದನ್ನು ನಾವು ಮರೆಮಾಚಬೇಕಿಲ್ಲ. ಆದರೆ ಕರಿಯ ಅತಿಥಿಗಳನ್ನು ಮನೆಗೆ ಕರೆದು ಊಟಕ್ಕೆ ಕೂರಿಸಿದಾಗ ಕೋಪ ಮಿತಿಮೀರಿತು. 1950ರಲ್ಲಿ ಅವರ ಮನೆಯ ಮೇಲೆ ಕಲ್ಲು ಬಿದ್ದವು. ಸಂವಿಧಾನವು ಅವರ ಪೀಠವನ್ನೂ ವೇತನವನ್ನೂ ಕಾಯಬಲ್ಲುದಾಗಿತ್ತು. ನೆರೆಯವರ ಸ್ನೇಹವನ್ನು ಯಾವ ಸಂವಿಧಾನ ಕಾದೀತು?

ಅದೇ ರಾಜ್ಯದ ಕ್ಲಾರೆಂಡನ್ ಜಿಲ್ಲೆಯ ಕರಿಯ ಮಕ್ಕಳು ಶಾಲೆಗೆ ಮೈಲುಗಟ್ಟಲೆ ನಡೆಯಬೇಕಿತ್ತು. ಅವರಿಗೆ ಬಸ್ಸಿರಲಿಲ್ಲ, ಬಿಳಿಯರ ಮಕ್ಕಳಿಗಿತ್ತು. ತಂದೆತಾಯಿಗಳು ನ್ಯಾಯಾಲಯಕ್ಕೆ ಬಂದರು. ಅರ್ಜಿಗೆ ಸಹಿ ಹಾಕಿದ ಹ್ಯಾರಿ ಬ್ರಿಗ್ಸ್ ಎಂಬವರು ಕೆಲಸವನ್ನೇ ಕಳೆದುಕೊಂಡರು. ಸಮಾನ ಸೌಕರ್ಯವನ್ನಷ್ಟೇ ಕೇಳದೆ, ಬೇರ್ಪಡಿಸುವ ಪದ್ಧತಿಯನ್ನೇ ಪ್ರಶ್ನಿಸುವಂತೆ ವಕೀಲ ಥರ್ಗುಡ್ ಮಾರ್ಷಲರಿಗೆ ಸೂಚಿಸಿದವರು ವೇರಿಂಗರೇ. 1951ರಲ್ಲಿ ಮೂವರು ನ್ಯಾಯಾಧೀಶರ ಪೀಠ ತೀರ್ಪಿತ್ತಿತು. ಇಬ್ಬರು ಹಳೆಯ ಪದ್ಧತಿಯನ್ನು ಎತ್ತಿಹಿಡಿದರು. ಬೇರ್ಪಡಿಸುವುದೇ ಅಸಮಾನತೆಯೆಂದು ವೇರಿಂಗರೊಬ್ಬರೇ ಭಿನ್ನಮತ ಬರೆದರು. ಮರುವರ್ಷ ನಿವೃತ್ತರಾಗಿ ಹುಟ್ಟೂರನ್ನು ತೊರೆದು ನ್ಯೂಯಾರ್ಕ್ ಸೇರಿದರು. 1954ರ ಮೇ 17ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯೂ ಒಮ್ಮತದಿಂದ ಶಾಲೆಗಳಲ್ಲಿನ ಪ್ರತ್ಯೇಕತೆಯನ್ನು ರದ್ದುಪಡಿಸಿದರು. ಒಬ್ಬರ ಭಿನ್ನಮತವು ಮೂರು ವರ್ಷಗಳಲ್ಲಿ ದೇಶದ ಕಾನೂನಾಯಿತು.

1968ರಲ್ಲಿ ಅವರ ದೇಹವು ಮಣ್ಣಿಗಾಗಿ ಚಾರ್ಲ್ಸ್‌ಟನ್ನಿಗೆ ಮರಳಿತು. ಸುಮಾರು 200 ಕರಿಯರು ಅಂತಿಮ ಗೌರವ ಸಲ್ಲಿಸಿದರು. ಬಿಳಿಯರು ಹನ್ನೆರಡು ಮಂದಿಯೂ ಇರಲಿಲ್ಲ. 2015ರಲ್ಲಿ ಅಲ್ಲಿಯ ಫೆಡರಲ್ ನ್ಯಾಯಾಲಯದ ಕಟ್ಟಡಕ್ಕೆ ಅವರ ಹೆಸರನ್ನಿಟ್ಟರು.

ಈ ಕಥೆಯನ್ನು ಪರದೇಶದ ಕಥೆಯೆಂದು ನಾವು ಮುಚ್ಚಿಡುವಂತಿಲ್ಲ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಕಲ್ಯಾಣದಲ್ಲಿ ನಡೆದ ವಿವಾಹವನ್ನು ನಾವು ಜಯಂತಿಯ ವೇದಿಕೆಯಲ್ಲಿ ಕೊಂಡಾಡುತ್ತೇವೆ. ವೇದಿಕೆಯಿಂದಿಳಿದು ಮನೆಗೆ ಬಂದ ಮೇಲೆ, ಸಂಬಂಧದ ಮಾತು ಎತ್ತಿದೊಡನೆ, ಮೊದಲು ಕೇಳುವುದು ಒಳಪಂಗಡವನ್ನು. "ಅಪ್ಪಾ, ಇದು ಸರಿಯೇ?" ಎಂದು ಮಗಳೊಬ್ಬಳು ಕೇಳಿದರೆ ನಾವು ಮುಖ ತಿರುಗಿಸುತ್ತೇವೆಯೋ, ಪಕ್ಕದಲ್ಲಿ ಕೂರಿಸಿಕೊಂಡು ಆಲಿಸುತ್ತೇವೆಯೋ? ನ್ಯಾಯಪೀಠವು ಕಚೇರಿಯಲ್ಲಿ ಮಾತ್ರವಿಲ್ಲ. ನಮ್ಮ ಪಡಸಾಲೆಯಲ್ಲಿಯೂ ಇದೆ. ಅಲ್ಲಿ ಕೇಳಿಬರುವ ಒಂಟಿ ದನಿಗೆ ಜೀವವಿರುವಾಗಲೇ ಮಾನ್ಯತೆ ದೊರೆಯಲಿ.