ಯೂರೋಪಿನ ಐಕ್ಯವೂ ಅದರ ಪತ್ರಾಗಾರವೂ

ವ್ಯವಹಾರದಲ್ಲಿ ವಿವಾದವು ಹುಟ್ಟಿದಾಗ ನಿರ್ಣಯಕ್ಕೆ ಆಧಾರವಾಗತಕ್ಕ ಮಾನುಷ ಪ್ರಮಾಣಗಳು ಲಿಖಿತ, ಭುಕ್ತಿ, ಸಾಕ್ಷಿ ಎಂದು ಮೂರು ವಿಧವಾಗಿರುವುವೆಂದು ನಮ್ಮ ಸ್ಮೃತಿಕಾರರು ಹೇಳಿರುವರು. ಇವುಗಳಲ್ಲಿ ಸಾಕ್ಷಿಗಳು ಕಾಲವಶರಾಗುವರು. ಭುಕ್ತಿಯು ಬಲಿಷ್ಠನ ಪಕ್ಷವನ್ನು ಹಿಡಿಯುವುದುಂಟು. ಲಿಖಿತವೊಂದೇ, ಅದನ್ನು ಕಾಪಾಡುವವರಿದ್ದರೆ, ನೂರು ವರ್ಷಗಳ ಮೇಲೂ ಬರೆದ ದಿನ ನುಡಿದುದನ್ನೇ ನುಡಿಯುವುದು. ಒಬ್ಬ ರೈತನ ಹೊಲದ ಗಡಿಗೆ ಸಲ್ಲುವ ಈ ನ್ಯಾಯವು ರಾಷ್ಟ್ರಗಳ ಒಡಂಬಡಿಕೆಗೂ ಸಲ್ಲತಕ್ಕದ್ದು. ಒಂದು ತಲೆಮಾರಿನ ಅವಧಿಯಲ್ಲಿ ಎರಡು ಸಲ ಒಬ್ಬರನ್ನೊಬ್ಬರು ಸಂಹರಿಸಿದ ಯೂರೋಪಿನ ಜನಾಂಗಗಳು ಇಂದು ಒಂದೇ ಮಾರುಕಟ್ಟೆಯನ್ನೂ, ಒಂದೇ ಮೇಲಣ ನ್ಯಾಯಸ್ಥಾನವನ್ನೂ, ಬಹುಪಾಲು ಒಂದೇ ನಾಣ್ಯವನ್ನೂ ಇಟ್ಟುಕೊಂಡಿರುವುವು. ಈ ಐಕ್ಯವು ಯಾವ ಸಾಮ್ರಾಟನ ದಿಗ್ವಿಜಯದಿಂದಲೂ ಆದುದಲ್ಲ; ಕಾಗದದಿಂದ ಆದುದು. ಕರಡುಗಳು, ಟಿಪ್ಪಣಿಗಳು, ಸಭೆಗಳ ವರದಿಗಳು, ಕೌಲುಗಳು, ಇವೇ ಅದರ ಇಟ್ಟಿಗೆ ಗಾರೆಗಳು. ಹೀಗೆ ಕಾಗದದಿಂದ ಕಟ್ಟಿದ ಐಕ್ಯವು ತನ್ನ ಕಾಗದಗಳನ್ನು ಕಾಪಾಡದೆ, ಕಾಪಾಡಿದುದನ್ನು ಕಾಲಕ್ಕೆ ಸರಿಯಾಗಿ ತೆರೆಯದೆ ಹೋದರೆ ತನ್ನ ಅಸ್ತಿಭಾರವನ್ನು ತಾನೇ ಅಗೆದಂತಾಗುವುದೆಂಬುದು ಈ ಲೇಖನದ ಪ್ರತಿಜ್ಞೆ.

ಮೊದಲು ವಸ್ತುಸ್ಥಿತಿಯನ್ನು ಅರಿಯೋಣ. ೧೯೫೦ನೆಯ ಇಸವಿ ಮೇ ೯ರಂದು ಫ್ರಾನ್ಸಿನ ವಿದೇಶಾಂಗ ಸಚಿವರಾದ ರೊಬೇರ್ ಶೂಮನ್ನರು, ಫ್ರಾನ್ಸ್ ಜರ್ಮನಿಗಳ ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪತ್ತಿಯನ್ನು ಎರಡೂ ರಾಷ್ಟ್ರಗಳಿಗೆ ಮೇಲಾದ ಒಂದೇ ಅಧಿಕಾರದ ಕೆಳಗೆ ಇಡತಕ್ಕದ್ದೆಂದು ಸಾರಿದರು. ಮರುವರ್ಷ ಏಪ್ರಿಲ್ ೧೮ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ಹಾಲೆಂಡ್, ಲುಕ್ಸೆಂಬುರ್ಗ್ ಎಂಬ ಆರು ರಾಷ್ಟ್ರಗಳು ಪ್ಯಾರಿಸಿನಲ್ಲಿ ಕೌಲಿಗೆ ಸಹಿ ಮಾಡಿದುವು. ೧೯೫೭ನೆಯ ಮಾರ್ಚ್ ೨೫ರ ರೋಮಿನ ಕೌಲಿನಿಂದ ಸಾಮಾನ್ಯ ಮಾರುಕಟ್ಟೆಯು ಹುಟ್ಟಿತು. ಅಂದಿನ ಆರು ರಾಷ್ಟ್ರಗಳು ಇಂದು ೨೭ ಆಗಿರುವುವು. ಈ ಸಂಸ್ಥೆಗಳ ಕಾಗದಪತ್ರಗಳನ್ನು ೩೦ ವರ್ಷ ಕಳೆದ ಮೇಲೆ ಸರ್ವರಿಗೂ ತೆರೆಯತಕ್ಕದ್ದೆಂಬ ಕಟ್ಟಳೆಯು ೧೯೮೩ರ ಫೆಬ್ರವರಿಯಲ್ಲಿ ಏರ್ಪಟ್ಟಿತು. ಅವನ್ನು ಇಡುವುದಕ್ಕಾಗಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿರುವ ಯೂರೋಪಿಯನ್ ವಿಶ್ವವಿದ್ಯಾಸಂಸ್ಥೆಯೊಡನೆ ೧೯೮೪ರಲ್ಲಿ ಒಪ್ಪಂದವಾಗಿ, ೧೯೮೬ರಲ್ಲಿ ಪತ್ರಾಗಾರದ ಬಾಗಿಲು ವಿದ್ವಾಂಸರಿಗೆ ತೆರೆಯಿತು. ೨೦೧೨ರಿಂದ ಅದು ವಿಲ್ಲಾ ಸಾಲ್ವಿಯಾತಿ ಎಂಬ ಪುರಾತನ ಸೌಧದಲ್ಲಿ ನೆಲೆಸಿದೆ. ೨೦೧೫ರ ಮಾರ್ಚಿನ ನಿಯಮದಂತೆ, ನ್ಯಾಯಸ್ಥಾನವನ್ನೂ ಕೇಂದ್ರ ಬ್ಯಾಂಕನ್ನೂ ಬಿಟ್ಟು, ಉಳಿದ ಸಂಸ್ಥೆಗಳೆಲ್ಲವೂ ತಮ್ಮ ಐತಿಹಾಸಿಕ ಪತ್ರಗಳನ್ನು ಅಲ್ಲಿಯೇ ಇಡತಕ್ಕದ್ದು. ವ್ಯಕ್ತಿಗಳ ಖಾಸಗಿ ವಿಷಯಗಳಿಗೂ, ವ್ಯಾಪಾರದ ಗುಟ್ಟುಗಳಿಗೂ, ಕೆಲವು ರಹಸ್ಯಪತ್ರಗಳಿಗೂ ಮಾತ್ರ ೩೦ ವರ್ಷಗಳ ಮೇಲೂ ಮರೆಯುಂಟು. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಅಕ್ಷಪಟಲವೆಂಬ ಲೇಖ್ಯಸ್ಥಾನಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವನು. ಆದರೆ ಅವನ ಅಕ್ಷಪಟಲವು ರಾಜನಿಗಾಗಿ ಇದ್ದಿತು. ಫ್ಲಾರೆನ್ಸಿನದು ಪ್ರಜೆಗಳಿಗಾಗಿ ಇರುವುದು. ಇಷ್ಟರ ಮಟ್ಟಿಗೆ ಯೂರೋಪಿನವರ ಕಾರ್ಯವು ಶ್ಲಾಘ್ಯವಾದುದೇ.

ಇನ್ನು ಪೂರ್ವಪಕ್ಷಗಳು. "ಯೂರೋಪಿನ ಶಾಂತಿಯು ನೆನಪಿನಿಂದ ಬಂದುದಲ್ಲ, ಮರೆವಿನಿಂದ ಬಂದುದು, ಹಳೆಯ ಕಾಗದಗಳನ್ನು ಕೆದಕಿದರೆ ಹಳೆಯ ಹುಣ್ಣುಗಳು ಮತ್ತೆ ಕೆರಳುವುವು" ಎಂಬುದು ಮೊದಲನೆಯದು. ಈ ವಾದಕ್ಕೆ ದೊಡ್ಡವರ ಆಶ್ರಯವೂ ಉಂಟು. ೧೯೪೬ರ ಸೆಪ್ಟೆಂಬರ್ ೧೯ರಂದು ಚರ್ಚಿಲ್ಲರು ಜೂರಿಕ್ ನಗರದಲ್ಲಿ ಉಪನ್ಯಾಸ ಮಾಡುತ್ತ, ಯೂರೋಪು ಉಳಿಯಬೇಕಾದರೆ ಹಿಂದಣದನ್ನು ಮರೆಯುವ ಪುಣ್ಯಕಾರ್ಯವು ನಡೆಯಬೇಕೆಂದು ಬೋಧಿಸಿದ್ದರು. ಆದರೆ ಚರ್ಚಿಲ್ಲರೇ ಆ ಮಹಾಯುದ್ಧದ ಚರಿತ್ರೆಯನ್ನು ಆರು ಸಂಪುಟಗಳಲ್ಲಿ ಬರೆದರು. ಸರಕಾರದ ಕಾಗದಗಳನ್ನು ಮುಂದಿಟ್ಟುಕೊಂಡೇ ಬರೆದರು. ಅವರು ಬಯಸಿದ ಮರೆವು ದ್ವೇಷದ ಮರೆವೇ ಹೊರತು ಲೇಖ್ಯದ ನಾಶವಲ್ಲ. ಸಾಲವನ್ನು ಮನ್ನಾ ಮಾಡುವುದು ಬೇರೆ, ಸಾಲಪತ್ರವನ್ನು ಇಲಿಗೆ ಹಾಕುವುದು ಬೇರೆ. ಏನನ್ನು ಕ್ಷಮಿಸಿದೆನೆಂಬುದನ್ನು ತಿಳಿಯದವನ ಕ್ಷಮೆಗೆ ಬೆಲೆಯಿಲ್ಲ.

ಇಷ್ಟಲ್ಲದೆ, ಪತ್ರಗಳು ಮುಚ್ಚಿದ್ದಲ್ಲಿ ಜನರು ಏನನ್ನೂ ನಂಬದೆ ಇರುವರೆಂದು ತಿಳಿಯಬಾರದು. ಚರಿತ್ರೆಯ ಸ್ಥಾನದಲ್ಲಿ ಪುರಾಣವನ್ನು ನಂಬುವರು. ಯೂರೋಪಿನ ಐಕ್ಯಕ್ಕೂ ಅಂಥದೊಂದು ಪುರಾಣವು ಬೆಳೆದಿತ್ತು. ಕೆಲವರು ಋಷಿಸದೃಶರಾದ ಮಹಾಪುರುಷರು ಯುದ್ಧದ ಬೂದಿಯ ಮೇಲೆ ಕುಳಿತು ಐಕ್ಯವನ್ನು ಧ್ಯಾನಿಸಿದರು, ರಾಷ್ಟ್ರಗಳು ಸ್ವಾರ್ಥವನ್ನು ತೊರೆದುವು ಎಂಬುದೇ ಆ ಪುರಾಣದ ಸಾರ. ೩೦ ವರ್ಷಗಳ ಕಟ್ಟಳೆಯಂತೆ ಆಯಾ ರಾಷ್ಟ್ರಗಳ ಕಡತಗಳು ತೆರೆದ ಮೇಲೆ ಅಲನ್ ಮಿಲ್ವರ್ಡ್ ಎಂಬ ಆಂಗ್ಲ ಚರಿತ್ರಕಾರರು ಅವುಗಳನ್ನು ಶೋಧಿಸಿ, ೧೯೮೪ರಲ್ಲಿಯೂ ೧೯೯೨ರಲ್ಲಿಯೂ ಎರಡು ಮಹಾಗ್ರಂಥಗಳನ್ನು ಪ್ರಕಟಿಸಿದರು. ಫ್ರಾನ್ಸಿನ ಉಕ್ಕಿನ ಕುಲುಮೆಗಳಿಗೆ ಜರ್ಮನಿಯ ರೂರ್ ಪ್ರಾಂತದ ಕಲ್ಲಿದ್ದಲು ಬೇಕಾಗಿದ್ದಿತು; ರಾಷ್ಟ್ರಗಳು ತಮ್ಮನ್ನು ತಾವು ಉಳಿಸಿಕೊಳ್ಳುವುದಕ್ಕಾಗಿಯೇ ಕೂಡಿಕೊಂಡುವು; ಐಕ್ಯವು ರಾಷ್ಟ್ರದ ಅಂತ್ಯವಲ್ಲ, ರಾಷ್ಟ್ರದ ಪುನರುಜ್ಜೀವನವೆಂದು ಅವರು ವಾದಿಸಿದರು. ಅವರ ಮತವನ್ನು ಎಲ್ಲರೂ ಒಪ್ಪಿಲ್ಲ. ಆದರೆ ಒಪ್ಪದವರೂ ಕಾಗದಗಳನ್ನು ಎತ್ತಿಕೊಂಡೇ ಉತ್ತರ ಕೊಡಬೇಕಾಯಿತು. ಇದೇ ಪತ್ರಾಗಾರದ ಪ್ರಯೋಜನವು. ವಿವಾದವನ್ನು ಅದು ಮುಗಿಸಲಾರದು. ವಿವಾದಕ್ಕೆ ನೆಲವನ್ನು ಒದಗಿಸುವುದು.

ಇನ್ನೊಂದು ನಿದರ್ಶನ. ಶೂಮನ್ನರ ಘೋಷಣೆಯನ್ನು ಸಿದ್ಧಪಡಿಸಿದವರು ಜಾಂ ಮೊನೆ ಮತ್ತು ಅವರ ಜೊತೆಗಾರರು. ೧೯೫೦ರ ಏಪ್ರಿಲ್ ಮಧ್ಯಭಾಗದಿಂದ ಮೇ ೬ರವರೆಗೆ ಆ ಪತ್ರವು ಒಂಬತ್ತು ಕರಡುಗಳಾಗಿ ರೂಪುಗೊಂಡಿತು. ಆ ಕರಡುಗಳು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಮೊನೆಯವರ ಹೆಸರಿನ ಪ್ರತಿಷ್ಠಾನದಲ್ಲಿ ಉಳಿದಿರುವುವು. ಘೋಷಣೆಯ ಕೊನೆಯ ರೂಪದಲ್ಲಿ ಆಫ್ರಿಕಾ ಖಂಡದ ಅಭಿವೃದ್ಧಿಯು ಯೂರೋಪಿನ ಮುಖ್ಯ ಕರ್ತವ್ಯಗಳಲ್ಲಿ ಒಂದೆಂಬ ಮಾತೂ ಇದೆ. ರೋಮಿನ ಕೌಲಾಗುವಾಗ ಫ್ರಾನ್ಸ್ ಬೆಲ್ಜಿಯಂಗಳ ಆಫ್ರಿಕಾದ ವಸಾಹತುಗಳು ಆ ಮಾರುಕಟ್ಟೆಗೆ ಅಂಟಿಕೊಂಡೇ ಬಂದುವು. ಆಲ್ಜೀರಿಯಾದ ಹೆಸರು ಕೌಲಿನಲ್ಲಿಯೇ ಇದ್ದಿತು. ಇಂದಿನ ಉತ್ಸವಗಳಲ್ಲಿ ಶಾಂತಿಯ ಪ್ರಸ್ತಾಪವು ಬರುವಷ್ಟು ಈ ಆಫ್ರಿಕಾದ ಪ್ರಸ್ತಾಪವು ಬಾರದು. ೨೦೧೪ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ವಾಂಸರು, ಹಾನ್ಸೆನ್ ಮತ್ತು ಯೋನ್ಸನ್ ಎಂಬವರು, ಈ ಮರೆತ ಅಧ್ಯಾಯವನ್ನು ಒಂದು ಗ್ರಂಥವಾಗಿ ಬರೆದರು. ಉತ್ಸವದ ಭಾಷಣವು ತನಗೆ ಬೇಕಾದುದನ್ನು ಆರಿಸಿಕೊಳ್ಳುವುದು, ಕಡತವು ಆರಿಸಿಕೊಳ್ಳುವುದಿಲ್ಲ. ದಾಸ್ಯವನ್ನು ಅನುಭವಿಸಿದ ಜನಾಂಗಗಳಿಗೆ ಈ ಭೇದವು ಸಣ್ಣದಲ್ಲ.

ಎರಡನೆಯ ಪೂರ್ವಪಕ್ಷವು ಅಧಿಕಾರಿಗಳದು. "ಮುಂದೊಂದು ದಿನ ಲೋಕವು ಓದುವುದೆಂದು ತಿಳಿದರೆ ಯಾರೂ ಮನಬಿಚ್ಚಿ ಬರೆಯರು" ಎಂದು ಅವರು ಹೇಳುವರು. ಇದರಲ್ಲಿ ಸತ್ಯಾಂಶವಿಲ್ಲವೆನ್ನಲಾಗದು, ಅದಕ್ಕಾಗಿಯೇ ೩೦ ವರ್ಷಗಳ ಮರೆಯನ್ನು ಕೊಟ್ಟಿರುವುದು. ಮೂವತ್ತನೆಯ ವಯಸ್ಸಿನಲ್ಲಿ ಟಿಪ್ಪಣಿ ಬರೆದವನು ಅದು ತೆರೆಯುವಾಗ ಅರವತ್ತನ್ನು ತಲಪಿ, ಪಿಂಚಣಿಯ ಹೊಸ್ತಿಲಲ್ಲಿರುವನು. ಇದಕ್ಕಿಂತ ಹೆಚ್ಚಿನ ಅಭಯವನ್ನು ಬೇಡುವವನು ತನ್ನ ಕೀರ್ತಿಗೆ ಅಂಜುವವನೇ ಹೊರತು ರಾಜಕಾರ್ಯಕ್ಕೆ ಅಂಜುವವನಲ್ಲ. ಬ್ರಿಟನ್ನಿನ ಪಾರ್ಲಿಮೆಂಟು ೨೦೧೦ರ ಶಾಸನದಿಂದ ತನ್ನ ೩೦ ವರ್ಷಗಳ ಗಡುವನ್ನು ೨೦ಕ್ಕೆ ಇಳಿಸಿತು. ೨೦೧೩ರಿಂದ ಕ್ರಮವಾಗಿ ಅದು ಜಾರಿಗೆ ಬಂದಿತು. ಅದರಿಂದ ಆ ದೇಶದ ಆಡಳಿತವೇನೂ ಮೂಕವಾಗಲಿಲ್ಲ. ೧೯೬೫ರ ಜುಲೈಯಿಂದ ೧೯೬೬ರ ಜನವರಿಯವರೆಗೆ ದ ಗಾಲರ ಫ್ರಾನ್ಸು ಮಂತ್ರಿಗಳ ಸಭೆಗೆ ಬಾರದೆ ಕುರ್ಚಿಯನ್ನು ಬರಿದಾಗಿ ಬಿಟ್ಟಿತ್ತು; ಐಕ್ಯವೇ ಒಡೆಯುವುದೋ ಎಂಬಷ್ಟು ಕಹಿಯಾದ ಕಾಲವದು. ಕಟ್ಟಳೆಯಂತೆ ಆ ಕಾಲದ ಪತ್ರಗಳು ೧೯೯೬ರ ಸುಮಾರಿಗೆ ತೆರೆದುವು. ಯೂರೋಪಿನ ಐಕ್ಯವು ಅದರಿಂದ ಮುರಿದುಬೀಳಲಿಲ್ಲ. ಐಕ್ಯದ ಆದ್ಯರಂತೂ ಹೀಗೆ ಅಂಜಿದವರಲ್ಲ. ಮೊನೆಯವರು ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು, ೧೯೭೮ರಲ್ಲಿ, ತಮ್ಮ ಪತ್ರಗಳನ್ನು ಪ್ರತಿಷ್ಠಾನದ ವಶಕ್ಕೆ ಕೊಟ್ಟರು. ೧೯೪೧ರಲ್ಲಿ ಮುಸ್ಸೊಲಿನಿಯ ಸೆರೆಯಾಳಾಗಿ ವೆಂತೊತೇನೆ ದ್ವೀಪದಲ್ಲಿದ್ದುಕೊಂಡು, ಐಕ್ಯ ಯೂರೋಪಿನ ಮೊದಲ ಘೋಷಣಾಪತ್ರವೊಂದನ್ನು ಎರ್ನೆಸ್ತೊ ರೊಸ್ಸಿಯೊಡನೆ ಬರೆದು ಗುಟ್ಟಾಗಿ ಹೊರಕ್ಕೆ ಸಾಗಿಸಿದ ಆಲ್ತಿಯೇರೊ ಸ್ಪಿನೆಲ್ಲಿಯವರ ಪತ್ರಗಳೂ ಫ್ಲಾರೆನ್ಸಿನಲ್ಲಿ ಎಲ್ಲರಿಗೂ ದೊರೆಯುವುವು. ಪ್ರಾಣಕ್ಕೆ ಅಪಾಯವಿದ್ದಾಗಲೂ ಬರೆದವರಿರುವಲ್ಲಿ, ಸಂಬಳ ಪಡೆಯುವವರು ಬರೆಯಲು ಅಂಜುವುದು ಯಾವ ನ್ಯಾಯ?

ಮೂರನೆಯ ಪೂರ್ವಪಕ್ಷವು ನಮ್ಮವರದೇ. "ಯೂರೋಪಿನ ಕಡತಗಳಿಂದ ನಮಗೇನು?" ಎಂದು ಕೇಳುವರು. ೧೯೬೧ರ ಆಗಸ್ಟಿನಲ್ಲಿ ಬ್ರಿಟನ್ನು ಸಾಮಾನ್ಯ ಮಾರುಕಟ್ಟೆಗೆ ಸೇರಲು ಅರ್ಜಿ ಹಾಕಿದಾಗ ಭಾರತದಿಂದ ಆ ದೇಶಕ್ಕೆ ಹೋಗುತ್ತಿದ್ದ ಚಹ, ಹತ್ತಿಬಟ್ಟೆ, ಸೆಣಬಿನ ಸರಕುಗಳ ಮೇಲಣ ರಿಯಾಯಿತಿಗಳ ಗತಿಯೇನೆಂಬ ಪ್ರಶ್ನೆ ಎದ್ದಿತು. ಬ್ರಸೆಲ್ಸಿನ ಮಾತುಕತೆಗಳಲ್ಲಿ ನಮ್ಮ ಸರಕುಗಳ ಸುಂಕವನ್ನು ಕುರಿತು ಇತರರು ಚೌಕಾಸಿ ಮಾಡಿದರು. ೧೯೬೨ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಕೂಡಿದ ಕಾಮನ್‌ವೆಲ್ತ್ ಪ್ರಧಾನಿಗಳ ಸಮ್ಮೇಳನದಲ್ಲಿಯೂ ಈ ವಿಷಯವೇ ಮುಖ್ಯವಾಗಿದ್ದಿತು. ೧೯೬೩ರ ಜನವರಿ ೧೪ರಂದು ದ ಗಾಲರು ಬ್ರಿಟನ್ನಿಗೆ ಬಾಗಿಲು ಮುಚ್ಚಿದರು. ಹತ್ತು ವರ್ಷಗಳ ಮೇಲೆ, ೧೯೭೩ರ ಜನವರಿ ೧ರಂದು, ಬ್ರಿಟನ್ನು ಒಳಹೊಕ್ಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತವು ಆ ಸಮುದಾಯದೊಡನೆ ವ್ಯಾಪಾರದ ಒಡಂಬಡಿಕೆಯನ್ನು ಮಾಡಿಕೊಂಡಿತು. ನಮ್ಮ ತೋಟದ ಕೂಲಿಯವನ, ನೆಯ್ಗೆಯವನ ಅನ್ನವನ್ನು ಮುಟ್ಟುವ ಮಾತುಗಳು ಹೀಗೆ ಪರರಾಷ್ಟ್ರಗಳ ಟಿಪ್ಪಣಿಗಳಲ್ಲಿ ಹುದುಗಿರುವಾಗ ಅವನ್ನು ಪರರ ಕಡತಗಳೆಂದು ದೂರವಿಡುವುದು ಅವಿವೇಕ. ಪ್ರತಿವಾದಿಯ ಕೈಯಲ್ಲಿರುವ ಲಿಖಿತವೂ ನಮಗೆ ಪ್ರಮಾಣವೇ.

ಇದುವರೆಗೆ ಹೇಳಿದುದು ಮುಚ್ಚಿದ ಬಾಗಿಲಿನ ಮಾತು. ಇದಕ್ಕಿಂತ ಘೋರವಾದುದು ಬರಿದಾದ ಪೆಟ್ಟಿಗೆಯ ಮಾತು. ಈಗಿನ ಭಯವಿರುವುದು ಅಲ್ಲಿಯೇ. ಕೋವಿಡ್ ಮಹಾಮಾರಿಯ ಕಾಲದಲ್ಲಿ ಯೂರೋಪಿನ ಸಂಘವು ಫೈಜರ್ ಕಂಪೆನಿಯಿಂದ ೧೮೦ ಕೋಟಿಯವರೆಗೆ ಲಸಿಕೆಗಳನ್ನು ಕೊಳ್ಳಲು ೨೦೨೧ರ ಮೇ ತಿಂಗಳಲ್ಲಿ ಕರಾರು ಮಾಡಿಕೊಂಡಿತು. ಆ ಸಂಬಂಧವಾಗಿ ಸಂಘದ ಆಯೋಗದ ಅಧ್ಯಕ್ಷೆಯಾದ ಉರ್ಸುಲಾ ಫಾನ್ ಡೆರ್ ಲೈಯೆನ್ ಅವರೂ ಕಂಪೆನಿಯ ಮುಖ್ಯಸ್ಥರೂ ಮೊಬೈಲಿನಲ್ಲಿ ಕಿರುಸಂದೇಶಗಳನ್ನು ಕಳುಹಿಸಿಕೊಂಡಿದ್ದರೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಆ ಏಪ್ರಿಲಿನಲ್ಲಿ ವರದಿ ಮಾಡಿತು. ಆ ಸಂದೇಶಗಳನ್ನು ತೋರಿಸಿರೆಂದು ಪತ್ರಕರ್ತರು ಕೇಳಲಾಗಿ, ಅಂಥವು ತನ್ನ ಬಳಿ ಇಲ್ಲವೆಂದು ಆಯೋಗವು ಉತ್ತರ ಕೊಟ್ಟಿತು. ಕಿರುಸಂದೇಶಗಳು ಅಲ್ಪಾಯುಗಳು, ದಾಖಲೆಗೆ ಸೇರತಕ್ಕವಲ್ಲವೆಂಬುದು ಅದರ ಧೋರಣೆ. ೨೦೨೨ರ ಜನವರಿಯಲ್ಲಿ ಸಂಘದ ಒಂಬುಡ್ಸ್‌ಮನ್ ಪದವಿಯಲ್ಲಿದ್ದ ಎಮಿಲಿ ಓ'ರೈಲಿಯವರು ಇದನ್ನು ದುರಾಡಳಿತವೆಂದು ಕರೆದರು. ೨೦೨೫ರ ಮೇ ೧೪ರಂದು ಸಂಘದ ಜನರಲ್ ನ್ಯಾಯಾಲಯವು ಆಯೋಗದ ನಿರಾಕರಣವನ್ನು ರದ್ದುಮಾಡಿತು. ಇಲ್ಲವೆಂದರೆ ಸಾಲದು, ಏಕೆ ಇಲ್ಲ, ಎಲ್ಲಿ ಹುಡುಕಿದಿರಿ ಎಂಬುದಕ್ಕೆ ನಂಬತಕ್ಕ ವಿವರಣೆ ಬೇಕೆಂಬುದು ತೀರ್ಪಿನ ತಾತ್ಪರ್ಯ.

ಈ ವ್ಯಾಪಾರದಲ್ಲಿ ಯಾರಾದರೂ ತಪ್ಪು ಮಾಡಿದರೆಂದು ನಾವು ಹೇಳುತ್ತಿಲ್ಲ. ಲಸಿಕೆಯಿಂದ ಜೀವಗಳು ಉಳಿದುವು. ಕರಾರು ಲೇಸೇ ಆಗಿದ್ದಿರಬಹುದು. ಆದರೆ ಲೇಸಾಗಿದ್ದುದನ್ನು ತೋರಿಸುವುದಕ್ಕಾದರೂ ಲಿಖಿತವು ಬೇಕಷ್ಟೆ? ನಮ್ಮ ಹಿಂದಿನವರು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಕಡತವೆಂದು ಹೆಸರು. ಒರಸಿದರೆ ಅದರ ಅಕ್ಷರವು ಅಳಿಸಿಹೋಗುತ್ತಿದ್ದಿತು. ಆದುದರಿಂದ ದಿನದ ಲೆಕ್ಕವನ್ನು ಅದರಲ್ಲಿ ಬರೆದರೂ, ಆಚಂದ್ರಾರ್ಕವಾಗಿ ನಿಲ್ಲಬೇಕಾದ ದತ್ತಿಯನ್ನು ಕಲ್ಲಿನಲ್ಲಿಯೂ ತಾಮ್ರದಲ್ಲಿಯೂ ಕೆತ್ತಿಸುತ್ತಿದ್ದರು. ಯಾವುದನ್ನು ಎಲ್ಲಿ ಬರೆಯಬೇಕೆಂಬ ವಿವೇಕವು ಅವರಿಗಿದ್ದಿತು. ಕೋಟ್ಯಂತರ ಜನರ ಆರೋಗ್ಯವನ್ನೂ ಬೊಕ್ಕಸವನ್ನೂ ಮುಟ್ಟುವ ಮಾತನ್ನು ಒರಸಿದರೆ ಹೋಗುವ ಸಂದೇಶದಲ್ಲಿ ನಡಸಿ, ಬಳಿಕ ಅದು ಅಲ್ಪಾಯುವೆನ್ನುವುದು, ದತ್ತಿಯನ್ನು ಬಳಪದಿಂದ ಬರೆದು ಮಳೆಯನ್ನು ದೂರಿದಂತಾಯಿತು. ಆ ವರ್ಷದ ಪತ್ರಗಳು ಕಟ್ಟಳೆಯಂತೆ ೨೦೫೧ರಿಂದಾಚೆಗೆ ತೆರೆಯುವುವು. ಅಂದು ಫ್ಲಾರೆನ್ಸಿಗೆ ಬರುವ ತರುಣ ವಿದ್ವಾಂಸನು ಪೆಟ್ಟಿಗೆಯನ್ನು ಬಿಚ್ಚಿ ಕಾಣುವುದೇನು? ೩೦ ವರ್ಷ ಕಾಯುವ ತಾಳ್ಮೆಯನ್ನು ಪ್ರಜೆಗಳಿಂದ ಬೇಡುವ ಪ್ರಭುತ್ವವು, ಕಾದವರಿಗೆ ಕೊಡಲು ಏನನ್ನಾದರೂ ಉಳಿಸಿರಬೇಕು. ಉಳಿಸದೆ ಬೇಡುವುದು ವಂಚನೆ.

ಆದುದರಿಂದ ಸಿದ್ಧಾಂತವಿದು. ಒಂದನೆಯದಾಗಿ, ರಾಜಕಾರ್ಯಕ್ಕೆ ಸಂಬಂಧಪಟ್ಟ ಬರಹವು ಕಾಗದದ ಮೇಲಿರಲಿ, ಮೊಬೈಲಿನಲ್ಲಿರಲಿ, ಅದು ದಾಖಲೆಯೇ. ಅದನ್ನು ಇಡುವುದೋ ಬಿಡುವುದೋ ಎಂಬುದನ್ನು ಬರೆದವನಲ್ಲ, ಪತ್ರಪಾಲಕನು ನಿರ್ಣಯಿಸತಕ್ಕದ್ದು. ಎರಡನೆಯದಾಗಿ, ೩೦ ವರ್ಷಗಳ ಮೇಲೆ ಮುಚ್ಚಿಡುವವನು ಒಂದೊಂದು ಪತ್ರಕ್ಕೂ ಕಾರಣವನ್ನು ಬರೆದಿಡತಕ್ಕದ್ದು. ಮೂರನೆಯದಾಗಿ, ಮೂವತ್ತನ್ನು ಇಪ್ಪತ್ತಕ್ಕೆ ಇಳಿಸಿದ ಬ್ರಿಟನ್ನು ಸಂಘವನ್ನು ಬಿಟ್ಟುಹೋಗಿದ್ದರೂ, ಸಂಘವು ಈ ಒಂದು ಪಾಠವನ್ನು ಅದರಿಂದ ಕಲಿಯಬಹುದು.

ನಮ್ಮವರು ಮಾಡತಕ್ಕುದೂ ಇದೆ. ಫ್ಲಾರೆನ್ಸಿನ ಪತ್ರಾಗಾರದ ಸೂಚಿಗಳನ್ನೂ ಹಲವು ಕಡತಗಳ ಪ್ರತಿಗಳನ್ನೂ ಮನೆಯಲ್ಲಿಯೇ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದಾದ ಈ ಕಾಲದಲ್ಲಿ, ನಮ್ಮ ಕಾಲೇಜುಗಳ ಚರಿತ್ರಾಧ್ಯಾಪಕರು ೧೯೬೧–೬೩ರ ಆ ಸುಂಕದ ಮಾತುಕತೆಗಳನ್ನು ಒಬ್ಬಿಬ್ಬರು ವಿದ್ಯಾರ್ಥಿಗಳಿಂದಲಾದರೂ ಓದಿಸಿ, ಕನ್ನಡದಲ್ಲಿ ಬರೆಯಿಸಲಿ. ಆ ಪತ್ರಗಳು ಬಹುಮಟ್ಟಿಗೆ ಫ್ರೆಂಚ್ ಭಾಷೆಯಲ್ಲಿರುವುದು ಅಡ್ಡಿಯಾಗಬಾರದು. ಕಲಿಯತಕ್ಕ ಭಾಷೆ ಅದು. ಓದುವವರಿಲ್ಲದ ಪತ್ರಾಗಾರವನ್ನು ಮುಚ್ಚುವುದು ಸುಲಭ. ದೂರದೇಶಗಳಿಂದಲೂ ಓದುಗರು ಬಂದು ಕೇಳುವ ಪತ್ರಾಗಾರವನ್ನು ಮುಚ್ಚುವುದಕ್ಕೆ ಯಾವ ಪ್ರಭುತ್ವವಾದರೂ ಎರಡು ಸಲ ಯೋಚಿಸುವುದು.