ವ್ಯಾಟ್ ಎಣಿಸಿದರೆ ಸಾಲದು, ನೆಲದ ಬೆಳಕು ಅಳೆಯಿರಿ

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. ಆ ವಿದ್ಯುತ್ತು ಹುಟ್ಟಿದ್ದು ನಮ್ಮ ಮಳವಳ್ಳಿ ತಾಲ್ಲೂಕಿನಲ್ಲಿ. ಕುರಿಗೆ ಹೆಸರಾದ ಬಂಡೂರೂ ಇದೇ ತಾಲ್ಲೂಕಿನದು. ನಮ್ಮ ನೀರಿನ ಬೆಳಕು ದೂರದವರಿಗೆ ಮೊದಲು ದಕ್ಕಿತೆಂಬುದು ಹಳೆಯ ಮಾತು, ಇರಲಿ. ಇಂದಿನ ಮಾತು ಎಲ್‌ಇಡಿ ದೀಪದ್ದು.

ಈ ದೀಪವನ್ನು ನಾವು ವಿರೋಧಿಸುವವರಲ್ಲ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡುತ್ತದೆ. ಪಂಚಾಯಿತಿಯ ಬಿಲ್ಲು ಇಳಿಯುತ್ತದೆ. ಆದರೆ ಹಳೆಯ ಟ್ಯೂಬ್‌ಲೈಟಿನಂತೆ ಇದು ಸುತ್ತಲೂ ಬೆಳಕು ಚೆಲ್ಲುವುದಿಲ್ಲ. ತಿರುಗಿಸಿದ ಕಡೆಗೇ ಸುರಿಯುತ್ತದೆ. ದೂರದೂರಕ್ಕೆ ನೆಟ್ಟ ಹಳೆಯ ಕಂಬಗಳಿಗೇ, ಗಾಜಿನ ಮಸೂರ ಯಾವುದೆಂದು ನೋಡದೆ ಇದನ್ನು ಸಿಕ್ಕಿಸಿದರೆ, ಕಂಬದ ಬುಡದಲ್ಲಿ ಹಗಲು, ಎರಡು ಕಂಬಗಳ ನಡುವೆ ಅಮಾವಾಸ್ಯೆ. ಪ್ರಖರ ಬೆಳಕಿಗೆ ಒಗ್ಗಿದ ಕಣ್ಣಿಗೆ ಆ ಕತ್ತಲು ಇನ್ನೂ ದಟ್ಟವಾಗಿ ಕಾಣುತ್ತದೆ. ರಾತ್ರಿ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರುವವನು ಗುಂಡಿಗೆ ಬೀಳುವುದು ಅಲ್ಲೇ. ಅಂಗಡಿ ಬಾಗಿಲು ಹಾಕಿ ದಿನದ ದುಡ್ಡನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟವನ ಎದೆ ಡವಗುಟ್ಟುವುದೂ ಅಲ್ಲೇ.

ಹಾಗಾದರೆ ಅಳೆಯುವುದು ಹೇಗೆ? ಲಕ್ಸ್ ಮೀಟರ್ ಎಂಬ ಅಂಗೈಯಗಲದ ಉಪಕರಣವಿದೆ. ಚಂದ್ರನಿಲ್ಲದ ರಾತ್ರಿ, ಅಂಗಡಿಗಳ ದೀಪ ಆರಿದ ಮೇಲೆ, ಒಂದು ಕಂಬದಿಂದ ಮುಂದಿನ ಕಂಬದವರೆಗೆ ಸಮದೂರದ ಗುರುತು ಹಾಕಿ, ರಸ್ತೆಯ ನಡುವೆಯೂ ಎರಡು ಅಂಚಿನಲ್ಲಿಯೂ ನೆಲದ ಮೇಲೆ ಇಟ್ಟು ಓದಬೇಕು. ಅತಿ ಕಡಿಮೆ ಬಂದ ಅಂಕಿಯನ್ನು ಸರಾಸರಿಯಿಂದ ಭಾಗಿಸಿದರೆ ಬೆಳಕು ಎಷ್ಟು ಸಮವಾಗಿದೆಯೆಂದು ತಿಳಿಯುತ್ತದೆ.

ಲೆಕ್ಕಕ್ಕೆಂದು ಒಂದು ಸಾಲು ತೆಗೆದುಕೊಳ್ಳಿ: 30, 18, 8, 3, 1, 3, 8, 18, 30. ಸರಾಸರಿ 13 ಲಕ್ಸ್. ಭಾರತೀಯ ಮಾನಕ 1944ರ ಪ್ರಕಾರ ಸಾಕಷ್ಟು ಸಂಚಾರವಿರುವ ಎರಡನೆಯ ದರ್ಜೆಯ ರಸ್ತೆಗೆ ಸರಾಸರಿ 8 ಲಕ್ಸ್ ಸಾಕು. ಗುತ್ತಿಗೆದಾರರು ಈ ಸರಾಸರಿ ತೋರಿಸಿ ಬಿಲ್ಲು ಕೇಳಬಹುದು. ಆದರೆ ಅದೇ ಮಾನಕ ಆ ರಸ್ತೆಗೆ ಕನಿಷ್ಠಕ್ಕೂ ಸರಾಸರಿಗೂ 0.3ರ ಪ್ರಮಾಣ ಕೇಳುತ್ತದೆ. ಇಲ್ಲಿ ಸಿಕ್ಕಿದ್ದು 0.08! ಒಬ್ಬನ ಕಣಜ ತುಂಬಿ, ಇನ್ನೊಬ್ಬನ ಮಡಕೆ ಬರಿದಾಗಿದ್ದರೂ ಊರಿನ ಸರಾಸರಿ ಚೆನ್ನಾಗಿಯೇ ಇರುತ್ತದೆ.

ಇದಕ್ಕೆ ಹೆಚ್ಚು ವ್ಯಾಟಿನ ದೀಪ ಮದ್ದಲ್ಲ; ಬುಡ ಇನ್ನಷ್ಟು ಬೆಳಗುತ್ತದೆ, ಅಷ್ಟೆ. ಬೆಳಕನ್ನು ರಸ್ತೆಯುದ್ದಕ್ಕೆ ಹರಡುವ ಮಸೂರ ಬೇಕು, ಕೈಯ ಕೋನ ಸರಿಯಿರಬೇಕು. ಅಂತರ ತೀರ ಹೆಚ್ಚಾದಲ್ಲಿ ನಡುವೆ ಇನ್ನೊಂದು ಕಂಬ ನೆಡಲೇಬೇಕು.

ಬಂಡೂರಾಗಲಿ, ಮದ್ದೂರಾಗಲಿ, ದೀಪದ ಬಿಲ್ಲು ಪಾಸಾಗುವ ಮುನ್ನ ಈ ಅಳತೆ ಊರಿನವರ ಎದುರಿಗೇ ಆಗಲಿ. ಅಂಕಿಗಳನ್ನು ಕಚೇರಿಯ ಗೋಡೆಗೆ ಅಂಟಿಸಲಿ. ಧೂಳು, ಹುಳು ಕೂತು ಗಾಜು ಮಂಕಾಗುವುದರಿಂದ, ವರ್ಷ ಕಳೆದ ಮೇಲೆ ಅದೇ ಗುರುತುಗಳಲ್ಲಿ ಮತ್ತೊಮ್ಮೆ ಅಳೆಯಲಿ.