ರೇಂಜ್ ಇಲ್ಲದ ಊರಿನಲ್ಲಿ ಬೇಡಿಕೆಯೂ ಇಲ್ಲವೇ?

"ಆ ಕಡೆ ಡಿಮ್ಯಾಂಡ್ ಇಲ್ಲ, ಟವರ್ ಹಾಕಿದ್ರೆ ಕಂಪೆನಿಗೆ ಲಾಸ್." ಘಟ್ಟದ ಬುಡದ ಊರಿನವರು ವರ್ಷಗಳಿಂದ ಕೇಳುತ್ತಾ ಬಂದ ಮಾತಿದು. ಉಳ್ಳಾಲ, ಸುರತ್ಕಲ್ ಕಡೆ ಒಂದೇ ಮನೆಯಲ್ಲಿ ನಾಲ್ಕೈದು ಫೋನ್ ಉಂಟು, ವೈಫೈಯೂ ಉಂಟು. ಸುಳ್ಯ, ಬೆಳ್ತಂಗಡಿಯ ಕೆಲವು ಒಳಪ್ರದೇಶಗಳಲ್ಲಿ ಒಂದು ಕಾಲ್ ಮಾಡಲು ಗುಡ್ಡ ಹತ್ತಬೇಕು. ದೇಶದ ಲೆಕ್ಕವೂ ಇದೇ. ಟ್ರಾಯ್ ಅಂಕಿಗಳಲ್ಲಿ ನಗರದ 100 ಜನರಿಗೆ 120ಕ್ಕೂ ಹೆಚ್ಚು ಫೋನ್ ಸಂಪರ್ಕಗಳಿದ್ದರೆ ಹಳ್ಳಿಗಳಲ್ಲಿ ಅದು 60ರ ಆಸುಪಾಸು.

ಹಾಗಾದರೆ ಹಳ್ಳಿಯವರಿಗೆ ಫೋನ್ ಬೇಡವೇ? ಗಲ್ಫ್‌ನಲ್ಲಿರುವ ಮಗನ ಮುಖ ನೋಡಲು ಕಾಯುವ ಉಮ್ಮ ಪೇಟೆಯಲ್ಲೂ ಇದ್ದಾರೆ, ಕಾಡಿನಂಚಿನ ಮನೆಯಲ್ಲೂ ಇದ್ದಾರೆ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕಿಂತ ದೊಡ್ಡ ಬೇಡಿಕೆ ಯಾವುದು? ರೇಂಜ್ ಇಲ್ಲದ ಕಡೆ ಯಾರೂ ರೀಚಾರ್ಜ್ ಮಾಡುವುದಿಲ್ಲ. ರೀಚಾರ್ಜ್ ಇಲ್ಲವೆಂದು ಟವರ್ ಬರುವುದಿಲ್ಲ. ಆಮೇಲೆ ಅದಕ್ಕೆ 'ಬೇಡಿಕೆ ಕಡಿಮೆ' ಎಂದು ಹೆಸರು.

ಇಂಥ ಊರುಗಳಿಗಾಗಿಯೇ ಒಂದು ನಿಧಿ ಉಂಟು. ಟೆಲಿಕಾಂ ಕಂಪೆನಿಗಳು ತಮ್ಮ ಆದಾಯದ ಶೇ. 5ರಷ್ಟನ್ನು ಇದಕ್ಕೆ ಕೊಡಬೇಕು. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. 2022ರಲ್ಲಿ ಕೇಂದ್ರ ಸರಕಾರ ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆದ್ದರಿಂದ ಟವರ್ ಕೇಳುವುದು ಭಿಕ್ಷೆ ಅಲ್ಲ, ಹಕ್ಕು.

ಆದರೆ ನಾವು ಕೇಳುವುದು ಎಲ್ಲಿ? ಮದುವೆ ಮನೆಯ ಚಪ್ಪರದಲ್ಲಿ, ಹೋಟೆಲಿನ ಚಹಾದ ಮುಂದೆ. ಗ್ರಾಮಸಭೆಗೆ ಹೋಗುವವರು ಎಷ್ಟು ಮಂದಿ? ಜಮಾಅತ್ ಕಮಿಟಿಯವರು ಮುಂದೆ ನಿಂತು ಯಾವ ಜಾಗದಲ್ಲಿ ರೇಂಜ್ ಇಲ್ಲ, ಅಲ್ಲಿ ಎಷ್ಟು ಮನೆ, ಎಷ್ಟು ಮಕ್ಕಳು ಎಂದು ಬರೆದು ಪಂಚಾಯತ್‌ಗೆ, ಬಿಎಸ್ಸೆನ್ನೆಲ್ ಕಚೇರಿಗೆ, ಸಂಸದರಿಗೆ ಕೊಡಲಿ. ಸಹಿ ನಮ್ಮವರದ್ದು ಮಾತ್ರ ಬೇಡ, ನೆರೆಕರೆಯ ಎಲ್ಲರದ್ದೂ ಇರಲಿ. ಟವರ್‌ಗೆ ಜಾತಿ-ಧರ್ಮ ಇಲ್ಲ.

ಇನ್ನೊಂದು ಮಾತು ನಮ್ಮ ಮನೆಯೊಳಗಿನದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಫೋನ್ ಇರುವ ಮಹಿಳೆಯರು ದೇಶದಲ್ಲಿ ಶೇ. 54 ಮಾತ್ರ, ಹಳ್ಳಿಗಳಲ್ಲಿ ಅರ್ಧದಷ್ಟೂ ಇಲ್ಲ. ಟವರ್ ಬಂದ ಮೇಲೂ ಫೋನ್ ಗಂಡಸರ ಕಿಸೆಯಲ್ಲೇ ಉಳಿದರೆ ಏನು ಪ್ರಯೋಜನ? ಸ್ಕಾಲರ್‌ಶಿಪ್ ಅರ್ಜಿಯ ಒಟಿಪಿ ಬರುವಾಗ ಗಂಡ ಸೌದಿಯಲ್ಲಿ, ಅಣ್ಣ ಅಂಗಡಿಯಲ್ಲಿ. ಹುಡುಗಿ ಮಾತ್ರ ಸೈಬರ್ ಸೆಂಟರ್ ಬಾಗಿಲಲ್ಲಿ ಕಾಯುತ್ತಿರುತ್ತಾಳೆ.

ಮಕ್ಕಳು ಫೋನ್‌ನಿಂದ ಹಾಳಾಗುತ್ತಾರೆ ಎಂಬ ಹೆದರಿಕೆ ಉಸ್ತಾದನಾದ ನನಗೂ ಉಂಟು. ಅದಕ್ಕೆ ಮದ್ದು ಸರಿಯಾಗಿ ಬಳಸಲು ಕಲಿಸುವುದು, ಕಸಿದುಕೊಳ್ಳುವುದಲ್ಲ. ಟವರ್ ಸರಕಾರದಿಂದ ಬರಬೇಕು. ಮನೆಯ ಹೆಣ್ಮಕ್ಕಳ ಕೈಗೆ ಫೋನ್ ಕೊಡಲು ಯಾರ ಮಂಜೂರಾತಿಯೂ ಬೇಡ.